ದುರ್ಗದ ಗೆಳೆಯನಿಗೆ: ಕೋಟೆ ಬಿಡು, ಮಿಲ್ಲಿನ ಕಥೆ ಬರಿ

ಪ್ರೀತಿಯ ಮಂಜು,

ನೀನು ವಾಟ್ಸಾಪಲ್ಲಿ ಕಳಿಸಿದ ಕೋಟೆ ಲೇಖನ ಓದಿದೆ. ಭಾಷೆ ಚೆನ್ನಾಗಿದೆ ಕಣಪ್ಪ, ಆದರೆ ಯಾವ ಪತ್ರಿಕೆಯವರೂ ಹಾಕಲ್ಲ. ಏಳು ಸುತ್ತಿನ ಕೋಟೆ, ಓಬವ್ವನ ಕಿಂಡಿ, ಮದಕರಿ ನಾಯಕ, ಎಲ್ಲ ಬಂದಿದೆ. ಇವು ಇಲ್ಲದ ದುರ್ಗದ ಲೇಖನ ಎಲ್ಲಾದರೂ ಇದೆಯಾ ಹೇಳು?

ಬೆಂಗಳೂರಲ್ಲೋ ಮಣಿಪಾಲದಲ್ಲೋ ಪತ್ರಿಕೆ ಕಚೇರಿಯಲ್ಲಿ ಕೂತವರಿಗೆ ಸಿಗದೇ ಇರುವುದನ್ನು ನೀನು ಕೊಡಬೇಕು. ನಾನು ಇಲ್ಲಿ ಮಂಡಕ್ಕಿ ಭಟ್ಟಿ ಬಗ್ಗೆ ಬರೆದಾಗ 'ದಾವಣಗೆರೆ ಮಂಡಕ್ಕಿಗೆ ಹೆಸರುವಾಸಿ' ಅನ್ನುವ ಸಾಲನ್ನೇ ಬಿಟ್ಟೆ. ಸುಮ್ನೆ ಭಟ್ಟಿ ಹತ್ತಿರ ನಿಂತು ನೋಡಿದೆ. ಉಪ್ಪುನೀರು ಬೆರೆಸಿದ ಅಕ್ಕಿಯನ್ನು ಕಾದ ಮರಳಿಗೆ ಸುರಿದ ಕೂಡಲೇ ಚಟಪಟ ಅಂತ ಅರಳುತ್ತದೆ, ಒಂದು ಚೂರು ತಡವಾದರೂ ಕೆಂಪಗಾಗುತ್ತದೆ, ಅಷ್ಟರೊಳಗೆ ಅದನ್ನು ಜರಡಿಗೆ ಎಳೆದು ಮರಳು ಉದುರಿಸಬೇಕು, ಆ ಬಿಸಿಯ ಮುಂದೆ ದಿನವಿಡೀ. ಮಳೆ ಹಿಡಿದು ಭತ್ತ ಒಣಗದಿದ್ದರೆ ಕೂಲಿ ಕಥೆ ಏನು ಅಂತ ಕೇಳಿದೆ. ಆ ಉತ್ತರದಿಂದಲೇ ಲೇಖನ ಶುರು ಮಾಡಿದೆ, ಅದು ಅಚ್ಚಾಯಿತು.

ದಿನಪತ್ರಿಕೆ ಸರಕು ಬೇರೆ, ವಾರಪತ್ರಿಕೆ ಸರಕು ಬೇರೆ. 1933ರಲ್ಲಿ ಕೋಡಿ ಬಿದ್ದಿದ್ದ ಹಿರಿಯೂರಿನ ವಾಣಿವಿಲಾಸ ಸಾಗರ ಜಲಾಶಯ ಮತ್ತೆ ಕೋಡಿ ಬಿದ್ದದ್ದು 2022ರ ಸೆಪ್ಟೆಂಬರಿನಲ್ಲಿ, ಅಲ್ವಾ? ಆ ಸುದ್ದಿಯನ್ನೇ ಹದಿನೈದು ದಿನ ಬಿಟ್ಟು ಕಳಿಸಿದರೆ ಹಳಸಲು. ಆದರೆ ಅಜ್ಜಿ ಬಾಯಲ್ಲಿ ಹಳೇ ಕೋಡಿಯ ಕಥೆ ಕೇಳಿ ಬೆಳೆದ ಹಿರಿಯೂರಿನ ಮುದುಕರು ಈ ನೀರು ನೋಡಿ ಏನಂದರು, ನೀರು ನುಗ್ಗಿದ ತೋಟದವರ ಪಾಡೇನು, ಇದನ್ನು ತಿಂಗಳಾದ ಮೇಲೂ ಓದುತ್ತಾರೆ.

ನಿನಗಂತೂ ಮನೆಯಲ್ಲೇ ವಿಷಯ ಇದೆ. ನಿಮ್ಮಪ್ಪ ಚಳ್ಳಕೆರೆ ಎಣ್ಣೆ ಮಿಲ್ಲಲ್ಲಿ ಲೆಕ್ಕ ಬರೆಯುತ್ತಿದ್ದವರು. ಶೇಂಗಾ ಸುಗ್ಗಿಯಲ್ಲಿ ಗಾಡಿಗಳು ಎಲ್ಲಿಯವರೆಗೆ ಸಾಲು ನಿಲ್ಲುತ್ತಿದ್ದವು, ಹಿಂಡಿ ಯಾರು ಒಯ್ಯುತ್ತಿದ್ದರು, ಮಿಲ್ಲು ನಿಂತ ದಿನ ಹಮಾಲರು ಎಲ್ಲಿಗೆ ಹೋದರು, ಕೂರಿಸಿಕೊಂಡು ಕೇಳು. ಹಳೇ ಲೆಕ್ಕದ ಪುಸ್ತಕ ಇದ್ದರೆ ಒಂದು ಪುಟದ ಫೋಟೊ ತೆಗಿ. ಫೋಟೊ ಚೆನ್ನಾಗಿದ್ದರೆ ಲೇಖನಕ್ಕೆ ಅರ್ಧ ದಾರಿ ಸಿಕ್ಕಂತೆ.

ಕಳಿಸುವ ಮುಂಚೆ ಲೈಬ್ರರಿಗೆ ಹೋಗಿ ಹಳೇ ಸಂಚಿಕೆ ತಿರುವು. ಸುಧಾ, ಮಯೂರ ಒಂದೇ ಮನೆಯವು, ಆದರೂ ಒಂದಕ್ಕೆ ಒಗ್ಗುವುದು ಇನ್ನೊಂದಕ್ಕೆ ಒಗ್ಗಲ್ಲ. ಎಷ್ಟು ಪದ ಹಾಕುತ್ತಾರೆ ಎಣಿಸಿ ನೋಡು. ಯೂನಿಕೋಡಲ್ಲಿ ಟೈಪ್ ಮಾಡು, ಒಂದು ಸಲಕ್ಕೆ ಒಂದೇ ಪತ್ರಿಕೆಗೆ ಕಳಿಸು, ಸ್ವಂತದ್ದು, ಬೇರೆಲ್ಲೂ ಪ್ರಕಟವಾಗಿಲ್ಲ ಅಂತ ಬರಿ. ಫೇಸ್‌ಬುಕ್ಕಲ್ಲಿ ಹಾಕಿದ್ದೂ ಪ್ರಕಟವಾದಂತೆಯೇ, ಆದ್ದರಿಂದ ಬಾಯಿ ಕಟ್ಟಿಕೊಂಡಿರು! ದೀಪಾವಳಿ ವಿಶೇಷಾಂಕಕ್ಕೆ ಅಂದರೆ ಮಳೆಗಾಲದಲ್ಲೇ ಹೋಗಬೇಕು, ದಸರಾ ಹೊತ್ತಿಗೆ ಕಳಿಸಿದರೆ ಯಾರೂ ಬಿಚ್ಚಿಯೂ ನೋಡಲ್ಲ.

ದುಡ್ಡಿನ ವಿಷಯ. ಗೌರವ ಸಂಭಾವನೆ ಅಂತಾರೆ, ಗೌರವವೇ ಜಾಸ್ತಿ. ಅಚ್ಚಾಗಿ ತಿಂಗಳುಗಳ ಮೇಲೆ ಬರುತ್ತದೆ, ಕೆಲವರು ಕೊಡುವುದೇ ಇಲ್ಲ. ಕೇಳೋದಕ್ಕೆ ನಾಚಿಕೆ ಬೇಡ, ಮೇಲ್‌ನಲ್ಲಿ ಮರ್ಯಾದೆಯಿಂದ ನೆನಪಿಸು. ಅಂಗಡಿ ಕೆಲಸ ಮಾತ್ರ ಬಿಡಬೇಡ.

ಬರುವ ಭಾನುವಾರ ಬಸ್ಸು ಹತ್ತು. ಅಪ್ಪ ಹೇಳಿದ್ದನ್ನೆಲ್ಲ ಬರೆದುಕೊಂಡು ಬಾ, ಕೂತು ಕತ್ತರಿ ಹಾಕೋಣ. ಬೆಣ್ಣೆ ದೋಸೆ ಖರ್ಚು ನಿಂದು.

ನಿನ್ನ,
ದಾವಣಗೆರೆ ಗೆಳೆಯ