ಧಾರವಾಡದ ಖಾನಾವಳಿಯ ಅಕ್ಕನಿಗೆ

ನನಗೆ ಸೀಲಿಯಾಕ್ ಕಾಯಿಲೆ. ಗೋಧಿ, ಮೈದಾ, ರವೆ ಒಂಚೂರು ಹೊಟ್ಟೆಗೆ ಬಿದ್ದರೂ ಕರುಳಿಗೆ ಪೆಟ್ಟು. ವರ್ಗವಾಗಿ ಧಾರವಾಡಕ್ಕೆ ಬಂದಾಗ ಗುರುತಿನವರು ಯಾರೂ ಇರಲಿಲ್ಲ. ಜೋಳದ ರೊಟ್ಟಿಯ ಊರು, ಊಟಕ್ಕೇನು ಚಿಂತೆ ಅಂತ ಎಲ್ಲರೂ ಹೇಳಿದ್ದರು. ಆದರೆ ಚಪಾತಿ ಬೇಯಿಸಿದ ಹಂಚಿನಲ್ಲೇ ರೊಟ್ಟಿ ಹಾಕಿದರೆ? ಕೇಳಿದರೆ ಬಹಳ ಕಡೆ ಸುಮ್ನೆ 'ಏನೂ ಆಗಲ್ಲ' ಅಂದುಬಿಡುತ್ತಾರೆ.

ಅವತ್ತು ಮಧ್ಯಾಹ್ನ ಹಸಿವು ತಡೆಯಲಾಗದೆ ಆ ಸಣ್ಣ ಖಾನಾವಳಿಗೆ ಹೋದೆ. ಒಲೆ ಮುಂದಿದ್ದ ಅಕ್ಕ ನನ್ನ ಮಾತನ್ನು ಪೂರ್ತಿ ಕೇಳಿದರು. ಚಪಾತಿ ಹಿಟ್ಟು ಮೆತ್ತಿದ್ದ ಕೈಯನ್ನು ಮೊಣಕೈವರೆಗೂ ತೊಳೆದರು. ಒಳಗಿನಿಂದ ಬೇರೆ ಹಂಚು ತಂದಿಟ್ಟರು. ಆಮೇಲೆ ಇಂಗಿನ ಡಬ್ಬಿಯನ್ನು ನನ್ನ ಕೈಗೇ ಕೊಟ್ಟು, "ಇದರಾಗ ಏನೈತಿ ಓದ್ರಿ ತಂಗಿ, ನನಗ ಸಣ್ಣ ಅಕ್ಷರ ಕಾಣಂಗಿಲ್ಲ" ಅಂದರು. ಗೋಧಿ ಹಿಟ್ಟು ಅಂತ ಬರೆದಿತ್ತು. ಅಂಗಡಿಯ ಇಂಗಿಗೆ ಅದನ್ನು ಬೆರೆಸುವುದು ಜಾಸ್ತಿ. ಸಾರನ್ನು ಪಕ್ಕಕ್ಕಿಟ್ಟು, ಬಿಸಿ ರೊಟ್ಟಿಗೆ ಇಂಗಿಲ್ಲದ ಗುರೆಳ್ಳು ಚಟ್ನಿ, ಗಟ್ಟಿ ಮೊಸರು, ಹಸಿ ಈರುಳ್ಳಿ ಬಡಿಸಿದರು. ಈ ಊರಿಗೆ ಬಂದ ಮೇಲೆ ಹೊರಗೆ ಹೆದರದೆ ಉಂಡಿದ್ದು ಅದೇ ಮೊದಲು.

ಕೈ ತೊಳೆದು ಬರುವಷ್ಟರಲ್ಲಿ ಪಕ್ಕದ ಓಣಿಯ ಒಬ್ಬರನ್ನು ಕರೆಸಿದ್ದರು. ಅವರ ಮಗನಿಗೂ ಗೋಧಿ ಆಗುವುದಿಲ್ಲವಂತೆ. ದೊಡ್ಡ ಗಿರಣಿಯಲ್ಲಿ ಗೋಧಿ ಹಿಟ್ಟು ಬೆರೆಯುತ್ತದೆ ಅಲ್ವಾ, ಹಾಗಾಗಿ ಈಗ ಅವರ ಮನೆಯ ಪುಟ್ಟ ಗಿರಣಿಯಲ್ಲೇ ನಮ್ಮಿಬ್ಬರ ಜೋಳವೂ ಬೀಸುತ್ತದೆ.

ಅಕ್ಕಾ, ಹೆಸರು ಕೇಳಿದರೆ ನಕ್ಕು ಸುಮ್ಮನಾದಿರಿ. ನಿಮಗೆ ತುಂಬಾ ತುಂಬಾ ಥ್ಯಾಂಕ್ಸ್.