ಕಾಂಡೋಮ್ ಕೇಳಿದರೆ ನಗುವುದೇಕೆ?

ಮಾನ್ಯ ಸಂಪಾದಕರೇ,

ಮೊನ್ನೆ ಬ್ಯಾಡಗಿಯ ಔಷಧಿ ಅಂಗಡಿಯೊಂದರಲ್ಲಿ ಹುಡುಗನೊಬ್ಬ ಜನ ಕರಗುವ ತನಕ ಕಾದು, ಮೆಲ್ಲಗೆ ಕಾಂಡೋಮ್ ಕೇಳಿದ. ಅಂಗಡಿಯವರು ನಕ್ಕರು. ಅವನು ತಲೆನೋವಿನ ಗುಳಿಗೆ ತೊಗೊಂಡು ಹೊರಟುಹೋದ. ನನಗೆ ತುಂಬಾ ಬೇಸರವಾಯಿತು. ಜವಾಬ್ದಾರಿ ಇರುವವನೇ ಅಲ್ವಾ ಅದನ್ನು ಕೇಳುವುದು?

ಎಚ್‌ಐವಿ ಮುಟ್ಟಿದರೆ, ಜೊತೆಗೆ ಉಂಡರೆ ಬರುವುದಿಲ್ಲ. ನಮ್ಮಲ್ಲಿ ಅದು ಜಾಸ್ತಿ ಹರಡುವುದು ಅಸುರಕ್ಷಿತ ಲೈಂಗಿಕ ಸಂಪರ್ಕದಿಂದ. ಪ್ರತಿ ಸಲವೂ ಸರಿಯಾಗಿ ಕಾಂಡೋಮ್ ಬಳಸಿದರೆ ಅಪಾಯ ಬಹಳ ತಗ್ಗುತ್ತದೆ. ಪೊಟ್ಟಣದ ಮೇಲಿನ ದಿನಾಂಕ ನೋಡಿ. ದುಡ್ಡಿನ ಪಾಕೀಟಿನಲ್ಲಿ ತಿಂಗಳುಗಟ್ಟಲೆ ಇಟ್ಟದ್ದು ಬೇಡ. ಕೊಬ್ಬರಿ ಎಣ್ಣೆ ಹಚ್ಚಿದರೆ ರಬ್ಬರ್ ಹರಿಯುತ್ತದೆ, ಇದನ್ನು ಯಾರೂ ಹೇಳಿಕೊಡುವುದಿಲ್ಲ. ಕಾಂಡೋಮ್ ಹರಿದು ಭಯವಾದರೆ ಸುಮ್ನೆ ಕೂರಬೇಡಿ. 72 ಗಂಟೆಯೊಳಗೆ ಸರ್ಕಾರಿ ಆಸ್ಪತ್ರೆಯ ವೈದ್ಯರನ್ನು ಕಂಡರೆ ಸೋಂಕು ತಡೆಯುವ ಮಾತ್ರೆ ಶುರು ಮಾಡಬಹುದು. ಎಷ್ಟು ಬೇಗ ಹೋದರೆ ಅಷ್ಟು ಒಳ್ಳೆಯದು.

ಎಚ್‌ಐವಿ ಪರೀಕ್ಷೆ ಮತ್ತು ಆಪ್ತಸಲಹೆ ಕೊಡುವ ಸರ್ಕಾರಿ ಐಸಿಟಿಸಿ ಕೇಂದ್ರಗಳಲ್ಲಿ ಪರೀಕ್ಷೆ ಉಚಿತ. ಫಲಿತಾಂಶ ಗುಟ್ಟಾಗಿಡಬೇಕೆಂದು 2017ರ ಎಚ್‌ಐವಿ-ಏಡ್ಸ್ ಕಾಯ್ದೆಯೇ ಹೇಳುತ್ತದೆ. ಸೋಂಕಿದ್ದರೆ ವೈರಸ್ ಹತ್ತಿಕ್ಕುವ ಎಆರ್‌ಟಿ ಮಾತ್ರೆಯೂ ಉಚಿತ. ತಪ್ಪದೆ ನುಂಗಿ ವೈರಸ್ ಪರೀಕ್ಷೆಯಲ್ಲಿ ಕಾಣದಷ್ಟು ಇಳಿದರೆ, ಲೈಂಗಿಕ ಸಂಪರ್ಕದಿಂದ ಸಂಗಾತಿಗೆ ದಾಟುವುದಿಲ್ಲ.

ಮೆಣಸಿನಕಾಯಿ ಸುಗ್ಗಿಗೆ ಹೊರರಾಜ್ಯದ ಲಾರಿಗಳೂ ಬರುವ ನಮ್ಮ ಮಾರುಕಟ್ಟೆಯಲ್ಲಿ, ಹಾವೇರಿ ಬಸ್ ನಿಲ್ದಾಣದಲ್ಲಿ ಯಾರನ್ನೂ ಕೇಳದೆ ತೊಗೊಳ್ಳುವಂತೆ ಕಾಂಡೋಮ್ ಪೆಟ್ಟಿಗೆ ಇಡಲಿ. ಪಕ್ಕದಲ್ಲೇ 1097 ಎಚ್‌ಐವಿ ಸಹಾಯವಾಣಿಯ ಫಲಕ ದೊಡ್ಡದಾಗಿ ಹಾಕಲಿ.

– ಓದುಗ, ಬ್ಯಾಡಗಿ