ಹಳೆ ಲಕೋಟೆಗೆ ಕತ್ತರಿ ಹಾಕಬೇಡಿ

ಸಂಪಾದಕರಿಗೆ ನಮಸ್ಕಾರ.

ಕಳೆದ ವಾರ ನಿಮ್ಮ ಮಕ್ಕಳ ಪುಟದಲ್ಲಿ ಅಂಚೆ ಚೀಟಿ ಸಂಗ್ರಹದ ಬಗ್ಗೆ ಲೇಖನ ಬಂದಿತ್ತು. ಮಕ್ಕಳ ಕೈಗೆ ಮೊಬೈಲ್ ಬದಲು ಆಲ್ಬಂ ಕೊಡಿ ಅಂದದ್ದು ಓದಿ ಬಹಳ ಸಂತೋಷವಾಯಿತು. ಆದರೆ ಅದರಲ್ಲಿದ್ದ ಒಂದು ಸಲಹೆ ನೋಡಿ ಸುಮ್ಮನಿರಲು ಆಗಲಿಲ್ಲ. ಮನೆಯಲ್ಲಿರುವ ಹಳೆ ಪತ್ರಗಳಿಂದ ಚೀಟಿ ಇರುವ ಮೂಲೆ ಕತ್ತರಿಸಿ, ನೀರಿನಲ್ಲಿ ನೆನೆಸಿ, ಚೀಟಿ ಬಿಡಿಸಿ ಒಣಗಿಸಿ ಅಂತ ಅದರಲ್ಲಿ ಇತ್ತು. ಹೋದ ತಿಂಗಳು ಬಂದ ಕವರ್ ಆದರೆ ಅಡ್ಡಿಯಿಲ್ಲ. ಅಜ್ಜ, ಮುತ್ತಜ್ಜನ ಕಾಲದ ಲಕೋಟೆ ಆದರೆ ದಯವಿಟ್ಟು ಕತ್ತರಿ ಮುಟ್ಟಿಸಬೇಡಿ.

ನಾನು ಹುಬ್ಬಳ್ಳಿಯ ಆರ್‌ಎಂಎಸ್‌ನಲ್ಲಿ, ಅಂದರೆ ರೈಲ್ವೆ ಮೇಲ್ ಸರ್ವಿಸ್‌ನಲ್ಲಿ, ಸಾರ್ಟರ್ ಆಗಿದ್ದವನು. ರಾತ್ರಿಯಿಡೀ ಓಡುವ ರೈಲಿನಲ್ಲಿ ನಿಂತು ಊರೂರಿನ ಪತ್ರ ವಿಂಗಡಿಸುವುದು ನಮ್ಮ ಕೆಲಸ. ಹಾಗಾಗಿ ನನ್ನ ಕಣ್ಣು ಚೀಟಿಯ ಚಿತ್ರಕ್ಕಿಂತ ಮೊದಲು ಠಸ್ಸೆಯ ಮೇಲೆ ಬೀಳುತ್ತದೆ. ನಿವೃತ್ತನಾದ ಮೇಲೆ ನಾನು ಕೂಡಿಟ್ಟದ್ದೂ ಅದನ್ನೇ. ದಾರಿ ತಪ್ಪಿದ, ತಡವಾದ, ತಿರಸ್ಕರಿಸಿದ, ದಂಡ ಹಾಕಿಸಿಕೊಂಡ ಪತ್ರಗಳ ಮೇಲಿನ ಗುರುತುಗಳು.

ಒಂದು ಲಕೋಟೆಯ ಬಗ್ಗೆ ಹೇಳುತ್ತೇನೆ. 1940ರ ದಶಕದ್ದು. ರಾಯಚೂರು ಕಡೆಯ ಒಂದು ಹಳ್ಳಿಯಿಂದ ಗದಗಿನ ಹತ್ತಿ ವ್ಯಾಪಾರಿಯೊಬ್ಬರಿಗೆ ಬರೆದದ್ದು. ಆಗ ರಾಯಚೂರು ನಿಜಾಮರ ಸೀಮೆ, ಗದಗ ಮುಂಬೈ ಪ್ರಾಂತ್ಯ. ನಿಜಾಮರ ಅಂಚೆಗೆ ಅದರದೇ ಚೀಟಿ ಇತ್ತು, ಆದರೆ ಅದು ನಡೆಯುತ್ತಿದ್ದದ್ದು ಆ ಸಂಸ್ಥಾನದ ಒಳಗೆ ಮಾತ್ರ. ಪತ್ರ ಬರೆದವರಿಗೆ ಇದು ಗೊತ್ತಿರಲಿಲ್ಲವೋ, ಬೇರೆ ಚೀಟಿ ಸಿಗಲಿಲ್ಲವೋ, ನಿಜಾಮರ ಚೀಟಿ ಹಚ್ಚಿ ಡಬ್ಬಿಗೆ ಹಾಕಿಬಿಟ್ಟಿದ್ದಾರೆ. ಗಡಿ ದಾಟಿದ ಕೂಡಲೇ ಆ ಚೀಟಿಗೆ ಬೆಲೆ ಇಲ್ಲ. ದುಡ್ಡೇ ಕೊಡದ ಪತ್ರ ಅಂತ ಲೆಕ್ಕ. ಬ್ರಿಟಿಷ್ ಅಂಚೆಯವರು ಬೇರಿಂಗ್ ಠಸ್ಸೆ ಒತ್ತಿ, ವಸೂಲಿ ಮಾಡಬೇಕಾದ ಆಣೆಯನ್ನು ಪಕ್ಕದಲ್ಲಿ ಬರೆದಿದ್ದಾರೆ. ಬೇರಿಂಗ್ ಅಂದರೆ ತೆಗೆದುಕೊಳ್ಳುವವರು ದುಪ್ಪಟ್ಟು ಕೊಡಬೇಕು, ಬೇಡ ಅಂದರೆ ಪತ್ರ ವಾಪಸ್.

ಇಷ್ಟೂ ಕಥೆ ಆ ಲಕೋಟೆಯ ಮೇಲೆಯೇ ಇದೆ. ಚೀಟಿ ಒಂದು ಕಡೆ, ದಂಡದ ಗುರುತು ಇನ್ನೊಂದು ಕಡೆ, ಗದಗಿಗೆ ಬಂದ ತಾರೀಕು ಹಿಂಬದಿಯಲ್ಲಿ. ಅದರ ಚೀಟಿ ಅಪರೂಪದ್ದೇನಲ್ಲ. ಬಿಡಿಸಿ ಮಾರಿದರೆ ಒಂದು ಚಹಾದ ದುಡ್ಡೂ ಬರಲಿಕ್ಕಿಲ್ಲ. ಲಕೋಟೆ ಇಡಿಯಾಗಿ ಉಳಿದಿದ್ದರಿಂದ, ಇವತ್ತು ಒಂದೇ ರಾಜ್ಯವಾಗಿರುವ ಎರಡು ಊರುಗಳ ನಡುವೆ ಆಗ ಒಂದು ಪತ್ರ ಹೋಗಲು ಎಷ್ಟು ಕಷ್ಟವಿತ್ತು ಅಂತ ಶಾಲೆಯ ಹುಡುಗನಿಗೂ ಕೈಯಲ್ಲಿ ಹಿಡಿದು ತೋರಿಸಬಹುದು. ಇದು ಸಿಕ್ಕ ಕಾಗದದ ಗಂಟಿನಲ್ಲೇ ಇಂಥದ್ದೇ ಇನ್ನೊಂದು ಲಕೋಟೆ ಇತ್ತು. ಯಾರೋ ಮೂಲೆ ಕತ್ತರಿಸಿದ್ದರು. ದಂಡದ ಠಸ್ಸೆ ಅರ್ಧ ಹೋಗಿತ್ತು, ಯಾವ ಊರು ಅಂತ ಓದಲೇ ಆಗಲಿಲ್ಲ.

ಮೈಸೂರು ಸೀಮೆಯದು ಇನ್ನೂ ಸೂಕ್ಷ್ಮ ವಿಷಯ. 1672ರಲ್ಲಿ ಚಿಕ್ಕದೇವರಾಜ ಒಡೆಯರು ಶುರು ಮಾಡಿದ ಮೈಸೂರು ಅಂಚೆ 1889ರಲ್ಲಿ ಬ್ರಿಟಿಷ್ ಅಂಚೆಯ ಜೊತೆ ಸೇರಿಹೋಯಿತು. ಆ ಅಂಚೆಗೆ ತನ್ನದೇ ಆದ ಚೀಟಿ ಇರಲಿಲ್ಲ. ಪತ್ರದ ಮೇಲೆ ಒತ್ತಿದ ಠಸ್ಸೆ, ಕೈಬರಹದ ಗುರುತು, ಇಷ್ಟೇ ಅದರ ಸಾಕ್ಷಿ. ಚೀಟಿ ಇಲ್ಲ ಅಂತ ಇಂಥ ಕಾಗದಗಳನ್ನು ರದ್ದಿಗೆ ಹಾಕುವುದನ್ನು ನಾನು ಕಣ್ಣಾರೆ ನೋಡಿದ್ದೇನೆ. ಹೊಟ್ಟೆ ಉರಿಯುತ್ತದೆ.

ಊರ ಹೆಸರುಗಳನ್ನೂ ನೋಡಿ. ಪಾಂಡವಪುರದ ಹಳೆ ಠಸ್ಸೆಯಲ್ಲಿ ಇರುವುದು ಫ್ರೆಂಚ್ ರಾಕ್ಸ್. ರಾಮನಗರದ್ದು ಕ್ಲೋಸ್‌ಪೇಟ್. ಕೋಲಾರದ ಚಿನ್ನದ ಗಣಿಯಿಂದ ಇಂಗ್ಲೆಂಡಿಗೆ ಹೋದ ಪತ್ರಗಳಲ್ಲಿ ಚಾಂಪಿಯನ್ ರೀಫ್ಸ್, ಊರ್ಗಾಂ ಅಂತ ಇರುತ್ತದೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಬೆಂಗಳೂರಿನ ಜಾಲಹಳ್ಳಿ ಕಡೆ ಇಟಲಿಯ ಸೈನಿಕರನ್ನು ಸೆರೆಯಲ್ಲಿ ಇಟ್ಟಿದ್ದರು. ಅವರು ಮನೆಗೆ ಬರೆದ ಕಾಗದಗಳ ಮೇಲೆ ಸೆನ್ಸಾರ್ ಠಸ್ಸೆ ಇರುತ್ತದೆ. ಅದು ಹೋದರೆ ಏನು ಉಳಿಯಿತು?

ನಮ್ಮ ಆರ್‌ಎಂಎಸ್ ಠಸ್ಸೆ ಬಗ್ಗೆ ಹೇಳದೆ ಇರಲಾರೆ. ಅದರಲ್ಲಿ ಸೆಕ್ಷನ್ ಹೆಸರು, ಸೆಟ್ ನಂಬರ್, ರೈಲು ಹೋಗುವಾಗಿನದಾದರೆ ಔಟ್, ಬರುವಾಗಿನದಾದರೆ ಇನ್ ಅಂತ ಇರುತ್ತಿತ್ತು. ಅಂದರೆ ಆ ಪತ್ರ ಯಾವ ದಾರಿಯಲ್ಲಿ, ಯಾವ ತಂಡದ ಕೈಯಲ್ಲಿ ಹೋಯಿತು ಅನ್ನುವುದು ಗೊತ್ತಾಗುತ್ತದೆ. ಅಂಚೆ ಕಚೇರಿಯ ಚೀಲ ಕಟ್ಟಿದ ಮೇಲೂ ಜನ ಸ್ಟೇಷನ್ನಿಗೆ ಓಡಿ ಬಂದು ನಮ್ಮ ಬೋಗಿಯಲ್ಲೇ ಪತ್ರ ಹಾಕುತ್ತಿದ್ದರು. ಅದಕ್ಕೆ ಲೇಟ್ ಫೀ ಅಂತ ಜಾಸ್ತಿ ಚೀಟಿ ಹಚ್ಚಬೇಕು. ಹಚ್ಚದಿದ್ದರೆ ಪತ್ರ ತಡೆದು, 'ಲೇಟ್ ಫೀ ಕೊಟ್ಟಿಲ್ಲ, ತಡೆಹಿಡಿಯಲಾಗಿದೆ' ಎಂಬ ಅರ್ಥದ ಇಂಗ್ಲಿಷ್ ಠಸ್ಸೆ ಬೀಳುತ್ತಿತ್ತು. ಅಂಥ ಹಳೆಯ ಲಕೋಟೆ ಸಿಕ್ಕರೆ ನನಗೆ ಹಬ್ಬ.

ಪ್ರದರ್ಶನಕ್ಕೆ ಇಡುವುದೂ ಕಷ್ಟವಲ್ಲ. ಒಂದು ಫ್ರೇಮಿಗೆ ಎ4 ಅಳತೆಯ 16 ಹಾಳೆ. ಒಂದೊಂದು ಹಾಳೆಯಲ್ಲಿ ಒಂದೋ ಎರಡೋ ಲಕೋಟೆ ಸಾಕು. ಅದು ಎಲ್ಲಿಂದ ಹೊರಟಿತು, ಯಾವ ದಾರಿ, ದರ ಎಷ್ಟಿತ್ತು, ಈ ಗುರುತು ಯಾಕೆ ಬಿತ್ತು ಅಂತ ನಾಲ್ಕು ಸಾಲು ಬರೆಯಬೇಕು. ಹಿಂಬದಿಯ ಠಸ್ಸೆ ಮುಖ್ಯವಾಗಿದ್ದರೆ ಅದರ ಚಿಕ್ಕ ನಕಲು ಪಕ್ಕದಲ್ಲಿ ಇಡಬೇಕು. ಗೋಂದು, ಸೆಲ್ಲೋಟೇಪ್ ಎರಡೂ ಬೇಡ. ಮೂಲೆಗಳನ್ನು ಕಾಗದದ ಚಿಕ್ಕ ಜೇಬಿನಲ್ಲಿ ಸಿಗಿಸಿದರೆ ಆಯಿತು. ಅಂತರರಾಷ್ಟ್ರೀಯ ಸ್ಪರ್ಧೆಗಳ ನಿಯಮದಲ್ಲಿ ಅಂಚೆ ಇತಿಹಾಸ, ಅಂದರೆ ಇಂಥ ಲಕೋಟೆಗಳ, ವಿಭಾಗಕ್ಕೆ ನೂರರಲ್ಲಿ 35 ಅಂಕ ಇರುವುದು ತಿಳಿವಳಿಕೆಗೆ ಮತ್ತು ಸ್ವಂತ ಅಧ್ಯಯನಕ್ಕೆ. ಅಂದಚೆಂದಕ್ಕೆ ಬರೀ 5. ಹಣವಿದ್ದವರ ಹವ್ಯಾಸ ಅಂತ ಹೆದರುವವರು ಇದನ್ನು ಗಮನಿಸಬೇಕು. ತಲೆ ಓಡಿಸುವ ಹಳ್ಳಿ ಹುಡುಗಿಗೂ ಇಲ್ಲಿ ಜಾಗ ಇದೆ.

6ರಿಂದ 9ನೇ ತರಗತಿ ಮಕ್ಕಳಿಗೆ ಅಂಚೆ ಇಲಾಖೆಯ ದೀನ್ ದಯಾಳ್ ಸ್ಪರ್ಶ್ ಯೋಜನೆಯಲ್ಲಿ ವರ್ಷಕ್ಕೆ 6,000 ರೂಪಾಯಿ ವಿದ್ಯಾರ್ಥಿವೇತನ ಇದೆ. ಚೀಟಿ ಸಂಗ್ರಹದ ಹವ್ಯಾಸಕ್ಕೆ ಅಂತಲೇ ಇರುವುದು. ನಿಮ್ಮ ಮಕ್ಕಳ ಪುಟದಲ್ಲಿ ಇದನ್ನೂ ಹಾಕಿ.

ಹಳೆಯದು ಮಾತ್ರ ಅಲ್ಲ, ನಮ್ಮ ಕಣ್ಣೆದುರೇ ಆದದ್ದನ್ನೂ ಎತ್ತಿಡಬೇಕು ಅಲ್ವಾ? ಕೊರೊನಾ ಬಂದಾಗ ವಿಮಾನ ನಿಂತು, ವಿದೇಶಗಳಲ್ಲಿ ಎಷ್ಟೋ ಪತ್ರಗಳು 'ಅಂಚೆ ಸೇವೆ ಸ್ಥಗಿತ' ಅನ್ನುವ ಗುರುತು ಹೊತ್ತು ಕಳಿಸಿದವರಿಗೇ ವಾಪಸ್ ಬಂದವು. 2025ರಲ್ಲಿ ರಿಜಿಸ್ಟರ್ಡ್ ಪೋಸ್ಟ್ ಸ್ಪೀಡ್ ಪೋಸ್ಟ್‌ನಲ್ಲಿ ಸೇರಿಹೋಗಿದೆ. ಅದಕ್ಕೂ ಮೊದಲಿನ ರಿಜಿಸ್ಟರ್ ಕವರ್ ಮನೆಯಲ್ಲಿದ್ದರೆ ಎಸೆಯಬೇಡಿ.

ಅಂಚೆ ಕಚೇರಿಯ ಗೆಳೆಯರಲ್ಲೂ ಒಂದು ಕೋರಿಕೆ. ಚೀಟಿಯ ಮೇಲೆ ಬಾಲ್‌ಪೆನ್ನಿನಲ್ಲಿ ಅಡ್ಡಗೆರೆ ಎಳೆದು ಕಳಿಸುವುದು ಈಗ ಜಾಸ್ತಿಯಾಗಿದೆ. ಕೆಲಸದ ಒತ್ತಡ ನನಗೆ ಗೊತ್ತು, ನಾನೂ ಅಲ್ಲಿಂದಲೇ ಬಂದವನು. ಆದರೂ ಠಸ್ಸೆಗೆ ಒಮ್ಮೆ ಮಸಿ ತಾಗಿಸಿ, ಊರು ಮತ್ತು ತಾರೀಕು ಓದುವಂತೆ ಒತ್ತಿ. ಜಿಲ್ಲಾ ಮಟ್ಟದ ಪ್ರದರ್ಶನ ಮಾಡುವಾಗ ಒಂದು ಫ್ರೇಮನ್ನಾದರೂ ಇಂಥ ಲಕೋಟೆಗಳಿಗೆ ಬಿಡಿ. ಧಾರವಾಡ, ಗದಗ, ಹಾವೇರಿ ಜಿಲ್ಲೆಗಳಲ್ಲಿ ಯಾವ ಶಾಲೆಯವರು ಕರೆದರೂ ನನ್ನ 16 ಹಾಳೆಗಳನ್ನು ತಂದು ತೋರಿಸಲು ತಯಾರಿದ್ದೇನೆ. ಕರೆಯುವವರು ನಿಮ್ಮ ಕಚೇರಿಗೆ ಬರೆದರೆ ನನಗೆ ತಲುಪಿಸಿ.

ಇಂತಿ,
ನಿವೃತ್ತ ಆರ್‌ಎಂಎಸ್ ಸಾರ್ಟರ್
ಹುಬ್ಬಳ್ಳಿ